ವ್ಯಾಪಾರಿಗಳಿಂದ ವ್ಯಾಪಾರ ಕಲಿತ ನ್ಯಾಯಮೂರ್ತಿ: ಬಿಸಿನೆಸ್ ಲಾ ಪುಸ್ತಕದ ಹಿಂದಿರುವ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಯಾರು?

ಬಿ.ಕಾಂ ಇರಲಿ, ಸಿಎ ಫೌಂಡೇಶನ್ ಇರಲಿ, ಎಂಬಿಎ ಇರಲಿ, ಬಿಸಿನೆಸ್ ಲಾ ಎಂದರೆ ಹೆಚ್ಚಿನ ವಿದ್ಯಾರ್ಥಿಗಳಿಗೆ ಸೆಕ್ಷನ್‌ಗಳ ಬಾಯಿಪಾಠ. 1872ರ ಒಪ್ಪಂದ ಕಾಯ್ದೆ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಎಂದು ಓದಿ, ಪರೀಕ್ಷೆ ಮುಗಿದ ಮರುದಿನ ಮರೆತುಬಿಡುವವರೇ ಜಾಸ್ತಿ. ಆದರೆ ಆ ಒಣ ಸೆಕ್ಷನ್‌ಗಳ ಹಿಂದೆ ದರೋಡೆಯಾದ ಅಂಚೆ ಚೀಲವಿದೆ, ಶತ್ರುಗಳ ಪಾಲಾದ ಕೋಟೆಯಿದೆ, ಮಾತಿಗೆ ತಪ್ಪಿದವನಿದ್ದಾನೆ. ಇವೆಲ್ಲ ಬಂದು ನಿಂತದ್ದು ಒಬ್ಬರೇ ನ್ಯಾಯಮೂರ್ತಿಯ ಮುಂದೆ. ಅವರೇ ವಿಲಿಯಂ ಮರ್ರೆ, ಅಂದರೆ ಲಾರ್ಡ್ ಮ್ಯಾನ್ಸ್‌ಫೀಲ್ಡ್. 1756ರಿಂದ 1788ರವರೆಗೆ, 32 ವರ್ಷ ಇಂಗ್ಲೆಂಡ್‌ನ ಕಿಂಗ್ಸ್ ಬೆಂಚ್ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅವರನ್ನು ಇಂಗ್ಲಿಷ್ ವಾಣಿಜ್ಯ ಕಾನೂನಿನ ಪಿತಾಮಹ ಎಂದೇ ಕರೆಯುತ್ತಾರೆ. ಆ ಕಾನೂನಿನಿಂದಲೇ ನಮ್ಮ ಕಾಯ್ದೆಗಳೂ ಬೆಳೆದು ಬಂದವು.

ಬಿರುದು ದೊಡ್ಡದು, ಕಾಸು ಕಡಿಮೆ

ಮರ್ರೆ ಹುಟ್ಟಿದ್ದು 1705ರ ಮಾರ್ಚ್ 2ರಂದು, ಸ್ಕಾಟ್ಲೆಂಡ್‌ನ ಪರ್ತ್ ಬಳಿಯ ಸ್ಕೋನ್ ಅರಮನೆಯಲ್ಲಿ. ತಂದೆ ವೈಕೌಂಟ್ ಸ್ಟಾರ್ಮಂಟ್. ಹೆಸರಿಗೆ ಶ್ರೀಮಂತ ಮನೆತನವಾದರೂ ಕೈಯಲ್ಲಿ ಹಣವಿರಲಿಲ್ಲ, ಮನೆ ತುಂಬ ಮಕ್ಕಳು. ಅದಕ್ಕಿಂತ ದೊಡ್ಡ ತೊಡಕು ರಾಜಕೀಯದ್ದು. ಗದ್ದುಗೆ ಕಳೆದುಕೊಂಡು ದೇಶ ಬಿಟ್ಟಿದ್ದ ಸ್ಟುವರ್ಟ್ ರಾಜವಂಶದ ಬಗ್ಗೆ ಈ ಕುಟುಂಬಕ್ಕೆ ಒಲವಿತ್ತು. ಮರ್ರೆಯವರ ಅಣ್ಣನೊಬ್ಬ ಆ ರಾಜನ ಜೊತೆಗೇ ಹೋಗಿ ಸೇರಿಕೊಂಡಿದ್ದ. ಈ ಕಳಂಕವನ್ನು ವಿರೋಧಿಗಳು ಮರ್ರೆಯವರ ಮೇಲೆ ಜೀವನಪೂರ್ತಿ ಹೊರಿಸುತ್ತಲೇ ಬಂದರು.

1718ರಲ್ಲಿ, 13ನೇ ವಯಸ್ಸಿನಲ್ಲಿ, ಹುಡುಗ ಪುಟ್ಟ ಕುದುರೆಯೊಂದನ್ನೇರಿ ಒಬ್ಬನೇ ಲಂಡನ್ನಿಗೆ ಹೊರಟನಂತೆ. ವೆಸ್ಟ್‌ಮಿನ್‌ಸ್ಟರ್ ಶಾಲೆ, ಬಳಿಕ ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜು, ಆಮೇಲೆ ವಕೀಲಿಕೆಗಾಗಿ ಲಿಂಕನ್ಸ್ ಇನ್.

ಆಗ ವಕೀಲಿಕೆಗೆ ಈಗಿನಂತೆ ಲಾ ಕಾಲೇಜು, ಸಿಲಬಸ್, ಸೆಮಿಸ್ಟರ್ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಕಲಿಸುತ್ತಿದ್ದದ್ದು ರೋಮನ್ ಕಾನೂನು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ನಡೆಯುತ್ತಿದ್ದ ಕಾಮನ್ ಲಾ ಬೇಕಿದ್ದರೆ ಹಳೆಯ ತೀರ್ಪುಗಳನ್ನು ಓದಿ, ಕೋರ್ಟಿನ ಮೂಲೆಯಲ್ಲಿ ನಿಂತು ಕೇಳಿ ಕಲಿಯಬೇಕಿತ್ತು. ಮರ್ರೆ ಅಷ್ಟಕ್ಕೇ ನಿಲ್ಲಲಿಲ್ಲ. ರೋಮನ್ ಕಾನೂನು, ಸ್ಕಾಟ್ಲೆಂಡ್ ಕಾನೂನು, ಫ್ರಾನ್ಸ್ 1681ರಲ್ಲಿ ಹೊರಡಿಸಿದ್ದ ಸಮುದ್ರ ವ್ಯಾಪಾರದ ಸಂಹಿತೆ ಹೀಗೆ ಬೇರೆ ಬೇರೆ ದೇಶಗಳ ಪದ್ಧತಿಗಳನ್ನು ತಿಳಿದುಕೊಂಡರು. ಹಡಗು ಒಂದು ದೇಶದ್ದು, ಸರಕು ಇನ್ನೊಂದು ದೇಶದ್ದು, ಹಣ ಮತ್ತೊಂದು ಊರಿನದ್ದು ಆಗಿರುವಾಗ ಒಂದೇ ದೇಶದ ರೂಢಿಯಿಂದ ನ್ಯಾಯ ಹೇಳಲಾಗದು ಎಂಬುದು ಅವರ ನಿಲುವಾಗಿತ್ತು.

1730ರಲ್ಲಿ ವಕೀಲರಾದರು. ಕವಿ ಅಲೆಕ್ಸಾಂಡರ್ ಪೋಪ್ ಅವರ ಆಪ್ತ ಸ್ನೇಹಿತ. 1742ರಲ್ಲಿ ಸಾಲಿಸಿಟರ್ ಜನರಲ್, 1754ರಲ್ಲಿ ಅಟಾರ್ನಿ ಜನರಲ್, 1756ರಲ್ಲಿ ಮುಖ್ಯ ನ್ಯಾಯಮೂರ್ತಿ. ಜೊತೆಗೆ ಬಂದದ್ದು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ಬಿರುದು. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಕಾನೂನಿನ ಪಾಠ ಶುರು ಮಾಡುವಂತೆ ವಿಲಿಯಂ ಬ್ಲ್ಯಾಕ್‌ಸ್ಟೋನ್ ಅವರನ್ನು ಹುರಿದುಂಬಿಸಿದವರೂ ಇವರೇ. ಮುಂದೆ ಬ್ಲ್ಯಾಕ್‌ಸ್ಟೋನ್ ಬರೆದ ಗ್ರಂಥ ತಲೆಮಾರುಗಳ ಕಾಲ ಕಾನೂನು ವಿದ್ಯಾರ್ಥಿಗಳ ಮೊದಲ ಪಠ್ಯವಾಯಿತು.

ಜ್ಯೂರಿ ಪೆಟ್ಟಿಗೆಯಲ್ಲಿ ವರ್ತಕರು

ಮ್ಯಾನ್ಸ್‌ಫೀಲ್ಡ್ ಅಧಿಕಾರಕ್ಕೆ ಬಂದಾಗ ಲಂಡನ್ ಜಗತ್ತಿನ ದೊಡ್ಡ ವ್ಯಾಪಾರ ಕೇಂದ್ರಗಳಲ್ಲಿ ಒಂದು. ನಮ್ಮ ಹುಂಡಿಯನ್ನು ಹೋಲುವ ವಿನಿಮಯ ಬಿಲ್ಲುಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಕಾಫಿ ಹೌಸ್‌ಗಳಲ್ಲಿ ಕುಳಿತು ಹಡಗುಗಳಿಗೆ ವಿಮೆ ಬರೆಯುತ್ತಿದ್ದರು. ಆದರೆ ಜಗಳ ಕೋರ್ಟಿಗೆ ಹೋದರೆ ಏನಾಗುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ. ಕಾಮನ್ ಲಾ ಬೆಳೆದದ್ದು ಜಮೀನಿನ ವ್ಯಾಜ್ಯಗಳ ನಡುವೆ. ವ್ಯಾಪಾರದ ರೂಢಿ ಏನೆಂಬುದನ್ನು ಪ್ರತಿ ಕೇಸಿನಲ್ಲೂ ಹೊಸದಾಗಿ ಸಾಕ್ಷಿ ಕರೆಸಿ ಸಾಬೀತು ಮಾಡಬೇಕಿತ್ತು. ಜ್ಯೂರಿ ಒಂದು ತೀರ್ಮಾನ ಕೊಡುತ್ತಿತ್ತು, ಕಾರಣ ಹೇಳುತ್ತಿರಲಿಲ್ಲ. ಮುಂದಿನ ಜ್ಯೂರಿ ಅದಕ್ಕೆ ತದ್ವಿರುದ್ಧವಾಗಿ ಹೇಳಿದರೂ ಆಶ್ಚರ್ಯವಿರಲಿಲ್ಲ.

ಮ್ಯಾನ್ಸ್‌ಫೀಲ್ಡ್ ಇದಕ್ಕೆ ಕಂಡುಕೊಂಡ ದಾರಿ ಸರಳ. ವ್ಯಾಪಾರದ ಕೇಸುಗಳಿಗೆ ಲಂಡನ್ ನಗರದ ಅನುಭವಿ ವರ್ತಕರನ್ನೇ ವಿಶೇಷ ಜ್ಯೂರಿಯಾಗಿ ಕೂರಿಸಿದರು. ಅದೇ ವರ್ತಕರು ಮತ್ತೆ ಮತ್ತೆ ಬಂದು ಕೂರುತ್ತಿದ್ದರಿಂದ ಅವರಿಗೆ ಮ್ಯಾನ್ಸ್‌ಫೀಲ್ಡ್ ಅವರ ಜ್ಯೂರಿಗಳೆಂಬ ಹೆಸರೇ ಬಿತ್ತು. ಅವರನ್ನು ಊಟಕ್ಕೆ ಕರೆದು, ಬಿಲ್ಲು ಹೇಗೆ ಕೈ ಬದಲಾಗುತ್ತದೆ, ವಿಮೆ ಬರೆಯುವಾಗ ಏನೇನು ವಿಚಾರಿಸುತ್ತಾರೆ ಎಂದು ಮ್ಯಾನ್ಸ್‌ಫೀಲ್ಡ್ ಕೇಳಿ ತಿಳಿದುಕೊಳ್ಳುತ್ತಿದ್ದರು. ಅವರಿಂದ ಕಲಿತ ರೂಢಿಯನ್ನು ತೀರ್ಪಿನಲ್ಲಿ ನಿಯಮವಾಗಿ ಬರೆದು, ಮುಂದಿನ ಕೇಸಿಗೂ ಅದೇ ಅನ್ವಯ ಎಂದರು. ವ್ಯಾಪಾರಿಗೆ ಬೇಕಾದದ್ದು ನಿಶ್ಚಿತತೆ. ಕಾನೂನು ಹೀಗೆಂದು ಮೊದಲೇ ಗೊತ್ತಿದ್ದರೆ ಆತ ಅದಕ್ಕೆ ತಕ್ಕಂತೆ ವ್ಯವಹಾರ ಮಾಡಿಕೊಳ್ಳುತ್ತಾನೆ ಎಂಬುದು ಅವರ ಲೆಕ್ಕಾಚಾರ.

ಕಳವಾದ ನೋಟು ಯಾರದ್ದು?

1756ರ ಡಿಸೆಂಬರ್‌ನ ಒಂದು ರಾತ್ರಿ ಅಂಚೆ ಗಾಡಿಯೊಂದು ದರೋಡೆಯಾಯಿತು. ಅದರಲ್ಲಿ ಫಿನ್ನಿ ಎಂಬುವರು ಕಳುಹಿಸಿದ್ದ 21 ಪೌಂಡ್ 10 ಶಿಲಿಂಗ್‌ನ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟು ಇತ್ತು. ಮರುದಿನ ಅದು ಮಿಲ್ಲರ್ ಎಂಬ ವಸತಿಗೃಹದ ಮಾಲೀಕರ ಕೈ ಸೇರಿತು. ಅದು ಕಳವಿನದ್ದೆಂದು ಅವರಿಗೆ ಗೊತ್ತಿರಲಿಲ್ಲ, ಪೂರ್ತಿ ಬೆಲೆ ಕೊಟ್ಟೇ ಪಡೆದಿದ್ದರು. ಬ್ಯಾಂಕಿಗೆ ಹೋದಾಗ ರೇಸ್ ಎಂಬ ಗುಮಾಸ್ತ ಹಣವನ್ನೂ ಕೊಡಲಿಲ್ಲ, ನೋಟನ್ನೂ ವಾಪಸ್ ಮಾಡಲಿಲ್ಲ. ಕಳೆದುಕೊಂಡವರು ಮೊದಲೇ ದೂರು ಕೊಟ್ಟು ಪಾವತಿ ತಡೆಸಿದ್ದರು.

ಕದ್ದ ಮಾಲು ಎಲ್ಲಿ ಸಿಕ್ಕರೂ ಮೂಲ ಮಾಲೀಕನದ್ದೇ ಎಂಬುದು ಸಾಮಾನ್ಯ ನಿಯಮ. ಆದರೆ 1758ರಲ್ಲಿ ಮ್ಯಾನ್ಸ್‌ಫೀಲ್ಡ್ ಮಿಲ್ಲರ್ ಪರ ತೀರ್ಪು ಕೊಟ್ಟರು. ಬ್ಯಾಂಕ್ ನೋಟು ಬಟ್ಟೆ, ಪಾತ್ರೆಯಂಥ ಸರಕಲ್ಲ, ಜನ ಅದನ್ನು ಹಣವೆಂದೇ ಬಳಸುತ್ತಾರೆ. ಪ್ರಾಮಾಣಿಕವಾಗಿ, ಬೆಲೆ ಕೊಟ್ಟು ಪಡೆದವನಿಂದ ಅದನ್ನು ಕಿತ್ತುಕೊಂಡರೆ ನಾಳೆ ಯಾರೂ ನೋಟು ಮುಟ್ಟುವುದಿಲ್ಲ ಎಂಬುದು ತೀರ್ಪಿನ ತಿರುಳು. ಅಂಗಡಿಯವರು ಗಿರಾಕಿ ಕೊಟ್ಟ 500 ರೂಪಾಯಿ ನೋಟಿನ ಪೂರ್ವಾಪರ ಕೇಳದೆ ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುವುದರ ಹಿಂದೆ ಇರುವ ನಂಬಿಕೆ ಇದೇ. 1881ರ ನಮ್ಮ ಕಾಯ್ದೆಯಲ್ಲಿ ಹೋಲ್ಡರ್ ಇನ್ ಡ್ಯೂ ಕೋರ್ಸ್ ಎಂದು ಓದುವ ಪಾಠದ ಬೇರೂ ಇಲ್ಲೇ ಇದೆ.

1760ರಲ್ಲಿ ಬಂದದ್ದು ಮೋಸೆಸ್ ಮತ್ತು ಮ್ಯಾಕ್‌ಫರ್ಲನ್ ಜಗಳ. ತಲಾ 30 ಶಿಲಿಂಗ್‌ನ ನಾಲ್ಕು ನೋಟುಗಳಿಗೆ ಮೋಸೆಸ್ ಸಹಿ ಹಾಕಿ ಮ್ಯಾಕ್‌ಫರ್ಲನ್‌ಗೆ ಕೊಟ್ಟಿದ್ದ. ಈ ಸಹಿಯ ಆಧಾರದಲ್ಲಿ ನಿನ್ನಿಂದ ಹಣ ಕೇಳುವುದಿಲ್ಲ ಎಂದು ಮ್ಯಾಕ್‌ಫರ್ಲನ್ ಬರೆದೂ ಕೊಟ್ಟಿದ್ದ. ಆಮೇಲೆ ಮಾತಿಗೆ ತಪ್ಪಿ, ಸಣ್ಣ ನ್ಯಾಯಾಲಯವೊಂದರಲ್ಲಿ ದಾವೆ ಹೂಡಿ ಹಣ ವಸೂಲಿ ಮಾಡಿಯೇಬಿಟ್ಟ. ಆ ಹಣ ಮೋಸೆಸ್‌ಗೆ ವಾಪಸ್ ಸಿಗಬೇಕು, ನ್ಯಾಯವಾಗಿ ಇಟ್ಟುಕೊಳ್ಳಲಾಗದ ಹಣವನ್ನು ಹಿಂದಿರುಗಿಸುವ ಹೊಣೆ ಒಪ್ಪಂದ ಇಲ್ಲದಿದ್ದರೂ ಹುಟ್ಟುತ್ತದೆ ಎಂದರು ಮ್ಯಾನ್ಸ್‌ಫೀಲ್ಡ್. ನಮ್ಮ ಒಪ್ಪಂದ ಕಾಯ್ದೆಯ 68ರಿಂದ 72ರವರೆಗಿನ ಸೆಕ್ಷನ್‌ಗಳನ್ನು, ಅಂದರೆ ಕ್ವಾಸಿ ಕಾಂಟ್ರ್ಯಾಕ್ಟ್ ಅಧ್ಯಾಯವನ್ನು ಓದುವವರು ಈ ಕೇಸಿನ ಹೆಸರು ಕೇಳಿಯೇ ಇರುತ್ತಾರೆ.

ಬೆಂಕುಲೆನ್ ಕೋಟೆಯ ವಿಮೆ

ಇನ್ನೊಂದು ಕೇಸಿನ ಕೇಂದ್ರ ಈಸ್ಟ್ ಇಂಡಿಯಾ ಕಂಪನಿಯ ಕೋಟೆ. ಇಂಡೋನೇಷ್ಯಾದ ಸುಮಾತ್ರದಲ್ಲಿ, ಆಗ ಬೆಂಕುಲೆನ್ ಎನ್ನುತ್ತಿದ್ದ ಊರಿನಲ್ಲಿ ಫೋರ್ಟ್ ಮಾರ್ಲ್‌ಬರೋ ಇತ್ತು. ಅದರ ಗವರ್ನರ್ ಜಾರ್ಜ್ ಕಾರ್ಟರ್, ಯುರೋಪಿನ ಶತ್ರುಗಳು ಕೋಟೆ ವಶಪಡಿಸಿಕೊಂಡರೆ ಪರಿಹಾರ ಸಿಗಬೇಕೆಂದು ಒಂದು ವರ್ಷದ ಅವಧಿಗೆ ಲಂಡನ್‌ನಲ್ಲಿ ವಿಮೆ ಮಾಡಿಸಿದ್ದರು. 1760ರಲ್ಲಿ ಫ್ರೆಂಚರು ಕೋಟೆ ಹಿಡಿದರು. ಕೋಟೆ ದುರ್ಬಲವಾಗಿದ್ದನ್ನು ನಮ್ಮಿಂದ ಮುಚ್ಚಿಟ್ಟಿರಿ ಎಂದು ವಿಮೆಗಾರ ಬೋಹ್ಮ್ ಹಣ ಕೊಡಲು ಒಪ್ಪಲಿಲ್ಲ.

1766ರ ತೀರ್ಪಿನಲ್ಲಿ ಮ್ಯಾನ್ಸ್‌ಫೀಲ್ಡ್ ಎರಡು ಮಾತು ಹೇಳಿದರು. ವಿಮೆ ನಿಂತಿರುವುದೇ ನಂಬಿಕೆಯ ಮೇಲೆ. ಅಪಾಯದ ವಿವರ ಸಾಮಾನ್ಯವಾಗಿ ವಿಮೆ ಮಾಡಿಸುವವನಿಗಷ್ಟೇ ಗೊತ್ತಿರುವುದರಿಂದ ಆತ ಮುಖ್ಯ ಸಂಗತಿ ಮುಚ್ಚಿಡಬಾರದು. ಆದರೆ ನಂಬಿಕೆ ಎರಡೂ ಕಡೆಯ ಹೊಣೆ. ತನಗೂ ಗೊತ್ತಾಗಬಹುದಾಗಿದ್ದ ವಿಷಯವನ್ನು ವಿಚಾರಿಸದೆ ಪ್ರೀಮಿಯಂ ಎಣಿಸಿಕೊಂಡು, ನಷ್ಟವಾದ ಮೇಲೆ ಹೇಳಲಿಲ್ಲ ಎಂದು ವಿಮೆಗಾರ ಜಾರಿಕೊಳ್ಳುವಂತಿಲ್ಲ. ಕಾರ್ಟರ್ ಗೆದ್ದರು. ಭಾರತದ 1963ರ ಸಾಗರ ವಿಮಾ ಕಾಯ್ದೆಯ 19ನೇ ಸೆಕ್ಷನ್ ಹೇಳುವ ಪರಮ ನಂಬಿಕೆಯ ತತ್ವಕ್ಕೆ ಈ ಕೇಸು ಮೂಲ. ಕಾಯಿಲೆ ತಿಳಿಸಿರಲಿಲ್ಲ ಎಂದು ಆರೋಗ್ಯ ವಿಮೆಯ ಕ್ಲೈಮ್ ತಿರಸ್ಕೃತವಾದಾಗ ನಡೆಯುವ ವಾದವೂ ಇದೇ ತತ್ವದ ಸುತ್ತ ಸುತ್ತುತ್ತದೆ.

ಎಲ್ಲವನ್ನೂ ಅವರು ಗೆಲ್ಲಲಿಲ್ಲ. ವ್ಯಾಪಾರಿಗಳ ನಡುವಿನ ಲಿಖಿತ ಮಾತಿಗೆ ಪ್ರತಿಫಲ, ಅಂದರೆ ಕನ್ಸಿಡರೇಶನ್, ಬೇಕಾಗಿಲ್ಲ ಎಂದು 1765ರಲ್ಲಿ ಹೇಳಿದ್ದನ್ನು 1778ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಪ್ರತಿಫಲವಿಲ್ಲದ ಒಪ್ಪಂದ ಊರ್ಜಿತವಲ್ಲ ಎಂದು ನಮ್ಮ ವಿದ್ಯಾರ್ಥಿಗಳು ಇವತ್ತಿಗೂ ಬರೆಯುವ ಉತ್ತರದಲ್ಲಿ ಮ್ಯಾನ್ಸ್‌ಫೀಲ್ಡ್ ಅವರ ಸೋಲೂ ಅಡಗಿದೆ. ಇಂಗ್ಲಿಷ್ ಕಾನೂನಿಗೆ ಪರದೇಶದ ಕಾನೂನು ಬೆರೆಸುತ್ತಿದ್ದಾರೆ ಎಂದು ಜೂನಿಯಸ್ ಎಂಬ ಗುಪ್ತನಾಮದ ಲೇಖಕ ಪತ್ರಿಕೆಯಲ್ಲಿ ಅವರನ್ನು ಹಿಗ್ಗಾಮುಗ್ಗಾ ಟೀಕಿಸಿದ.

1780ರ ಜೂನ್‌ನಲ್ಲಿ ಲಂಡನ್‌ನಲ್ಲಿ ಕ್ಯಾಥೊಲಿಕ್ ವಿರೋಧಿ ಗಲಭೆ ಎದ್ದಿತು. ಕ್ಯಾಥೊಲಿಕರ ಬಗ್ಗೆ ಮೃದು ಎಂಬ ಸಿಟ್ಟಿಗೆ ಬ್ಲೂಮ್ಸ್‌ಬರಿ ಚೌಕದಲ್ಲಿದ್ದ ಅವರ ಮನೆಗೆ ಗುಂಪು ಬೆಂಕಿ ಇಟ್ಟಿತು. ಪತ್ನಿಯೊಂದಿಗೆ ಅವರು ಪಾರಾದರು. ಗ್ರಂಥಾಲಯವೂ ವರ್ಷಗಟ್ಟಲೆ ಬರೆದಿಟ್ಟಿದ್ದ ಟಿಪ್ಪಣಿಗಳೂ ಬೂದಿಯಾದವು. ಮರುವರ್ಷ ಗಲಭೆಯ ನಾಯಕ ಲಾರ್ಡ್ ಜಾರ್ಜ್ ಗಾರ್ಡನ್ ಅವರ ರಾಜದ್ರೋಹದ ವಿಚಾರಣೆ ಇದೇ ಮ್ಯಾನ್ಸ್‌ಫೀಲ್ಡ್ ಮುಂದೆ ನಡೆಯಿತು. ಜ್ಯೂರಿ ಆತನನ್ನು ಖುಲಾಸೆ ಮಾಡಿತು.

ಮನುಷ್ಯರೇ ಸರಕಾದಾಗ

ವ್ಯಾಪಾರದ ಭಾಷೆಯಲ್ಲೇ ಯೋಚಿಸುತ್ತಿದ್ದ ಆ ಕಾನೂನಿಗೆ ನಿಜವಾದ ಪರೀಕ್ಷೆ ಬಂದದ್ದು ಗುಲಾಮರ ವ್ಯಾಪಾರದಿಂದ.

1772ರಲ್ಲಿ ಜೇಮ್ಸ್ ಸೋಮರ್‌ಸೆಟ್ ಎಂಬ ಗುಲಾಮನ ಕೇಸು ಬಂತು. ಇಂಗ್ಲೆಂಡ್‌ನಲ್ಲಿ ಮಾಲೀಕನಿಂದ ತಪ್ಪಿಸಿಕೊಂಡಿದ್ದ ಆತನನ್ನು ಹಿಡಿದು, ಜಮೈಕಾಕ್ಕೆ ಮಾರಲು ಹಡಗಿನಲ್ಲಿ ಸಂಕೋಲೆ ಹಾಕಿ ಕೂಡಿಹಾಕಿದ್ದರು. ತೀರ್ಪಿನಿಂದ ವರ್ತಕರಿಗೆ ಭಾರಿ ನಷ್ಟವಾದೀತೆಂಬ ಅಳುಕು ಮ್ಯಾನ್ಸ್‌ಫೀಲ್ಡ್‌ಗಿತ್ತು, ರಾಜಿಯಾಗುವಂತೆಯೂ ಸೂಚಿಸಿದರು. ರಾಜಿ ಆಗಲಿಲ್ಲ. ಜೂನ್ 22ರಂದು, ಇಷ್ಟು ಕ್ರೂರವಾದ ಅಧಿಕಾರಕ್ಕೆ ಸ್ಪಷ್ಟ ಕಾನೂನಿನ ಬೆಂಬಲ ಬೇಕು, ಇಂಗ್ಲೆಂಡ್‌ನಲ್ಲಿ ಅಂಥ ಕಾನೂನು ಇಲ್ಲ ಎಂದು ಸೋಮರ್‌ಸೆಟ್‌ನನ್ನು ಬಿಡುಗಡೆ ಮಾಡಿದರು.

ಅವರ ಸ್ವಂತ ಮನೆಯಲ್ಲೇ ಆಗ ಹನ್ನೊಂದರ ಆಸುಪಾಸಿನ ಡೈಡೋ ಬೆಲ್ ಬೆಳೆಯುತ್ತಿದ್ದಳು. ಅವರ ಸೋದರಿಯ ಮಗ ಜಾನ್ ಲಿಂಡ್ಸೆ ಮತ್ತು ಮರಿಯಾ ಎಂಬ ಆಫ್ರಿಕಾ ಮೂಲದ ಗುಲಾಮ ಹೆಣ್ಣಿನ ಮಗಳು. ಮಕ್ಕಳಿಲ್ಲದ ಮ್ಯಾನ್ಸ್‌ಫೀಲ್ಡ್ ದಂಪತಿ ಆಕೆಯನ್ನು ಲಂಡನ್ ಹೊರವಲಯದ ಕೆನ್‌ವುಡ್ ಬಂಗಲೆಯಲ್ಲಿ ಸಾಕಿದರು. ಆಕೆ ಸ್ವತಂತ್ರಳು ಎಂಬುದನ್ನು ಅವರು ಉಯಿಲಿನಲ್ಲಿ ಪ್ರತ್ಯೇಕವಾಗಿ ಬರೆದಿಟ್ಟರು.

ಹನ್ನೊಂದು ವರ್ಷದ ಬಳಿಕ, 1783ರಲ್ಲಿ, ಝಾಂಗ್ ಹಡಗಿನ ಕೇಸು ಬಂತು. ಆಫ್ರಿಕಾದಿಂದ ಜಮೈಕಾಕ್ಕೆ ಹೊರಟಿದ್ದ ಆ ಹಡಗಿನ ಸಿಬ್ಬಂದಿ 1781ರ ಕೊನೆಯಲ್ಲಿ 130ಕ್ಕೂ ಹೆಚ್ಚು ಗುಲಾಮರನ್ನು ಜೀವಂತ ಸಮುದ್ರಕ್ಕೆ ಎಸೆದಿದ್ದರು. ಕುಡಿಯುವ ನೀರು ಸಾಲದೆ ಹಾಗೆ ಮಾಡಬೇಕಾಯಿತು ಎಂದು ವಾದಿಸಿದ ಲಿವರ್‌ಪೂಲ್‌ನ ಮಾಲೀಕರು ತಲೆಗೆ 30 ಪೌಂಡ್‌ನಂತೆ ವಿಮೆ ಹಣ ಕೇಳಿದರು. ಜ್ಯೂರಿ ಮಾಲೀಕರ ಪರ ನಿಂತಿತು. ವಿಮೆಗಾರರು ಮರುವಿಚಾರಣೆ ಕೇಳಿದರು. ಮಳೆ ಬಂದು ನೀರು ಸಿಕ್ಕ ಮೇಲೂ ಜನರನ್ನು ಎಸೆಯಲಾಗಿತ್ತು ಎಂಬ ಸಾಕ್ಷ್ಯ ಬಂದಾಗ ಮ್ಯಾನ್ಸ್‌ಫೀಲ್ಡ್ ಮತ್ತು ಸಹ ನ್ಯಾಯಮೂರ್ತಿಗಳು ಮರುವಿಚಾರಣೆಗೆ ಆದೇಶಿಸಿದರು. ಅದು ನಡೆದ ದಾಖಲೆ ಇಲ್ಲ.

ಈ ಕೇಸಿನಲ್ಲಿ ಸತ್ತವರು ಕುದುರೆಗಳಾಗಿದ್ದರೂ ಕಾನೂನಿನ ಪ್ರಶ್ನೆ ಬದಲಾಗುತ್ತಿರಲಿಲ್ಲ ಎಂಬುದನ್ನು ಮ್ಯಾನ್ಸ್‌ಫೀಲ್ಡ್ ಅವರೇ, ಅದು ಎದೆ ನಡುಗಿಸುವ ಕೇಸು ಎನ್ನುತ್ತಲೇ, ಒಪ್ಪಿಕೊಂಡರು. ಗುಲಾಮಗಿರಿಯಿಂದ ಬಿಡಿಸಿಕೊಂಡಿದ್ದ ಒಲೌಡಾ ಎಕ್ವಿಯಾನೊ ಈ ಸುದ್ದಿಯನ್ನು ಹೋರಾಟಗಾರ ಗ್ರ್ಯಾನ್‌ವಿಲ್ ಶಾರ್ಪ್ ಅವರಿಗೆ ಮುಟ್ಟಿಸಿದ್ದರು. ಕೊಲೆ ಕೇಸು ಹಾಕಿಸಲು ಶಾರ್ಪ್ ಪಟ್ಟ ಪಾಡು ಫಲಿಸಲಿಲ್ಲ, ಯಾರ ಮೇಲೂ ಕೊಲೆ ಮೊಕದ್ದಮೆ ನಡೆಯಲಿಲ್ಲ. ನೀರು ಎಷ್ಟಿತ್ತು, ಮಳೆ ಯಾವಾಗ ಬಂತು, ನಷ್ಟ ಯಾರ ತಲೆಗೆ ಎಂದು ಕೇಳಲು ವಿಮಾ ಕಾನೂನಿಗೆ ಬರುತ್ತಿತ್ತು. ಸತ್ತವರು ಮನುಷ್ಯರಲ್ಲವೇ ಎಂದು ಕೇಳಲು ಬರುತ್ತಿರಲಿಲ್ಲ. ಆ ಪ್ರಶ್ನೆ ಕೋರ್ಟಿನ ಹೊರಗೆ, ಜನರ ಚಳವಳಿಯಲ್ಲಿ ಏಳಬೇಕಾಯಿತು. ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ.

1788ರಲ್ಲಿ ನಿವೃತ್ತರಾದ ಮ್ಯಾನ್ಸ್‌ಫೀಲ್ಡ್ 1793ರ ಮಾರ್ಚ್ 20ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ಸಮಾಧಿಯಿದೆ. ಬಿಸಿನೆಸ್ ಲಾ ಓದುವವರಿಗೆ ಅವರ ಬದುಕು ಎರಡು ಕೇಸುಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತದೆ. 21 ಪೌಂಡ್‌ನ ನೋಟು ಪಡೆದ ಮಿಲ್ಲರ್‌ಗೆ ಕಾನೂನು ಆಸರೆಯಾಯಿತು. ತಲೆಗೆ 30 ಪೌಂಡ್ ಬೆಲೆ ಕಟ್ಟಿಸಿಕೊಂಡು ಸಮುದ್ರ ಸೇರಿದವರ ಹೆಸರುಗಳು ಆ ಕೇಸಿನ ಕಾಗದಗಳಲ್ಲಿ ಬರೆದಿಲ್ಲ.