ಅರಸನ ತೋಟದಿಂದ ನೀಲಗೋಪುರಕ್ಕೆ: ವೈದ್ಯ ಒಟ್ಟೊ ಸ್ಪೆರ್ಲಿಂಗ್

ಹದಿನೇಳನೆಯ ಶತಮಾನದ ಯುರೋಪಿನಲ್ಲಿ ವೈದ್ಯನಾದವನು ಸಸ್ಯಗಳನ್ನೂ ಬಲ್ಲವನಾಗಿರಬೇಕಿತ್ತು. ಬೇರು, ತೊಗಟೆ, ಎಲೆಗಳೇ ಅಂದಿನ ಮುಖ್ಯ ಔಷಧಗಳು. ಗಿಡವನ್ನು ತಪ್ಪಾಗಿ ಗುರುತಿಸಿದರೆ ರೋಗಿಯ ಪ್ರಾಣಕ್ಕೇ ಕುತ್ತು. ಡೆನ್ಮಾರ್ಕಿನ ರಾಜಸೇವೆಯಲ್ಲಿ ಹೆಸರು ಪಡೆದ ಒಟ್ಟೊ ಸ್ಪೆರ್ಲಿಂಗ್ ಈ ಎರಡು ವಿದ್ಯೆಗಳಲ್ಲಿಯೂ ನಿಷ್ಣಾತನಾಗಿದ್ದನು.

ಆತನು 1602ರ ಡಿಸೆಂಬರಿನಲ್ಲಿ ಹ್ಯಾಂಬರ್ಗ್ ನಗರದಲ್ಲಿ ಜನಿಸಿದನು. ಹಲವು ವಿದ್ಯಾಕೇಂದ್ರಗಳಲ್ಲಿ ಕಲಿತು, 1545ರಷ್ಟು ಹಿಂದೆಯೇ ಸಸ್ಯೋದ್ಯಾನವನ್ನು ಸ್ಥಾಪಿಸಿದ್ದ ಇಟಲಿಯ ಪಡುವಾ ನಗರದಲ್ಲಿಯೂ ವ್ಯಾಸಂಗ ಮಾಡಿದನು. ನಾರ್ವೆಯ ಬರ್ಗೆನ್ ಪಟ್ಟಣದಲ್ಲಿ ವೈದ್ಯವೃತ್ತಿ ನಡೆಸಿ, ಬಳಿಕ ಕೋಪನ್‌ಹೇಗನ್ನಿಗೆ ಬಂದನು. ಅಲ್ಲಿ ನಾಲ್ಕನೆಯ ಕ್ರಿಶ್ಚಿಯನ್ ದೊರೆಯ ಉದ್ಯಾನದ ಹೊಣೆ ಆತನ ಪಾಲಿಗೆ ಬಂದಿತು. ಆ ತೋಟದಲ್ಲಿ ಬೆಳೆಯುತ್ತಿದ್ದ ಗಿಡಗಳ ಪಟ್ಟಿಯನ್ನು 1642ರಲ್ಲಿ 'ಹೋರ್ಟಸ್ ಕ್ರಿಶ್ಚಿಯಾನಿಯಸ್' ಎಂಬ ಹೆಸರಿನಿಂದ ಪ್ರಕಟಿಸಿದನು. ಅಂದು ಆ ನೆಲದಲ್ಲಿ ಯಾವ ಸಸ್ಯಗಳಿದ್ದವು ಎಂಬುದಕ್ಕೆ ಆ ಪಟ್ಟಿ ಇಂದಿಗೂ ಸಾಕ್ಷಿ.

ದೊರೆಯ ಮಗಳು ಲಿಯೊನೊರಾ ಕ್ರಿಸ್ಟಿನಾ, ಆಕೆಯ ಪತಿ ಕೋರ್ಫಿಟ್ಸ್ ಉಲ್ಫೆಲ್ಟ್ ಇವರೊಡನೆ ಸ್ಪೆರ್ಲಿಂಗನಿಗೆ ಗಾಢವಾದ ಸ್ನೇಹವಿತ್ತು. ರಾಜ್ಯದ ಅತ್ಯುನ್ನತ ಅಧಿಕಾರಿಯಾಗಿದ್ದ ಉಲ್ಫೆಲ್ಟ್, 1648ರಲ್ಲಿ ದೊರೆಯು ತೀರಿಕೊಂಡ ಮೇಲೆ ಹೊಸ ಅರಸನ ಅವಕೃಪೆಗೆ ಗುರಿಯಾಗಿ 1651ರಲ್ಲಿ ದೇಶ ಬಿಟ್ಟನು. ಸ್ಪೆರ್ಲಿಂಗನೂ ಡೆನ್ಮಾರ್ಕನ್ನು ತೊರೆದನು. ಮಿತ್ರನ ಕೈ ಬಿಟ್ಟಿದ್ದರೆ ಆತನ ಉಳಿದ ಬಾಳು ಬಹುಶಃ ತೋಟದಲ್ಲಿಯೇ ಸಾಗುತ್ತಿತ್ತು. ಆತನು ಹಾಗೆ ಮಾಡಲಿಲ್ಲ.

1663ರಲ್ಲಿ ಉಲ್ಫೆಲ್ಟನಿಗೆ ರಾಜದ್ರೋಹದ ಆರೋಪದ ಮೇಲೆ, ಆತನ ಗೈರುಹಾಜರಿಯಲ್ಲಿಯೇ ಮರಣದಂಡನೆ ವಿಧಿಸಲಾಯಿತು. ಅದೇ ವರ್ಷ ಲಿಯೊನೊರಾ ಕೋಪನ್‌ಹೇಗನ್ನಿನ ಕೋಟೆಯ ನೀಲಗೋಪುರದಲ್ಲಿ ಬಂಧಿಯಾದಳು. ಹ್ಯಾಂಬರ್ಗಿನಲ್ಲಿ ನೆಲೆಸಿದ್ದ ಸ್ಪೆರ್ಲಿಂಗನನ್ನು 1664ರಲ್ಲಿ ವಂಚನೆಯಿಂದ ನಗರದ ಹೊರಕ್ಕೆ ಸೆಳೆದು ಡೆನ್ಮಾರ್ಕಿಗೆ ಒಯ್ಯಲಾಯಿತು. ವಿಧಿಸಿದ ಮರಣದಂಡನೆ ಜಾರಿಯಾಗಲಿಲ್ಲ, ಬಿಡುಗಡೆಯೂ ದೊರೆಯಲಿಲ್ಲ. ಅದೇ ವರ್ಷ ಉಲ್ಫೆಲ್ಟ್ ಪರದೇಶದಲ್ಲಿ ಅಸುನೀಗಿದನು. ಯಾರ ಸ್ನೇಹಕ್ಕಾಗಿ ಸೆರೆಯೋ ಆತನೇ ಇಲ್ಲವಾದರೂ ಸೆರೆ ಮುಗಿಯಲಿಲ್ಲ.

ನೀಲಗೋಪುರದಲ್ಲಿ ವೃದ್ಧ ವೈದ್ಯನು ತನ್ನ ಆತ್ಮಕಥೆಯನ್ನು ಬರೆದನು. ಹದಿನೇಳು ವರ್ಷಗಳ ಸೆರೆವಾಸದ ಬಳಿಕ, 1681ರ ಡಿಸೆಂಬರಿನಲ್ಲಿ, ತನ್ನ 79ನೆಯ ವರ್ಷದಲ್ಲಿ ಅಲ್ಲಿಯೇ ಕೊನೆಯುಸಿರೆಳೆದನು. ಲಿಯೊನೊರಾ 1685ರಲ್ಲಿ ಹೊರಬಂದಳು. ಸ್ಪೆರ್ಲಿಂಗನ ಆತ್ಮಕಥೆ 19ನೆಯ ಶತಮಾನದಲ್ಲಿ ಡೇನಿಷ್ ಭಾಷೆಯಲ್ಲಿ ಅಚ್ಚಾಯಿತು. ತೋಟದ ಪಟ್ಟಿಯಲ್ಲಿ ಆತನ ವಿದ್ವತ್ತು ಉಳಿದಿದೆ. ಸೆರೆಯ ಬರಹದಲ್ಲಿ ಆತನ ಬಾಳು ಉಳಿದಿದೆ.