ಕಡಲು ದಾಟಿ ದುಡಿದ ಆಲ್‌ರೌಂಡರ್: ಲಿಯರಿ ಕಾನ್‌ಸ್ಟಂಟೈನ್

ಆಲ್‌ರೌಂಡರ್ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಕಪಿಲ್ ದೇವ್, ಇಮ್ರಾನ್ ಖಾನ್, ಸೋಬರ್ಸ್ ಹೆಸರು ಬರುತ್ತದೆ. ಅವರೆಲ್ಲರಿಗಿಂತ ಮೊದಲು, ಹೆಂಡತಿ ಮಗಳನ್ನು ಸಾಕಲಿಕ್ಕಾಗಿ ಕಡಲು ದಾಟಿ, ಸಂಬಳಕ್ಕೆ ಕ್ರಿಕೆಟ್ ಆಡಿದ ಒಬ್ಬರಿದ್ದರು. ಅವರೇ ಟ್ರಿನಿಡಾಡಿನ ಲಿಯರಿ ಕಾನ್‌ಸ್ಟಂಟೈನ್. ಪರದೇಶದ ದುಡಿಮೆಯ ಕಷ್ಟಸುಖ ತಿಳಿದ ನಮಗೆ ಅವರ ಬದುಕು ಅಷ್ಟೇನೂ ದೂರದ್ದಲ್ಲ.

ಲಿಯರಿ ಹುಟ್ಟಿದ್ದು 1901ರಲ್ಲಿ, ಗುಲಾಮಗಿರಿ ಕಂಡ ವಂಶದಲ್ಲಿ. ತಂದೆ ಲೆಬ್ರನ್ ಕೋಕೋ ತೋಟದಲ್ಲಿ ಮೇಲ್ವಿಚಾರಕರು, ಒಳ್ಳೆಯ ಕ್ರಿಕೆಟಿಗರು. 1900ರಲ್ಲಿ ವೆಸ್ಟ್ ಇಂಡೀಸ್ ತಂಡ ಇಂಗ್ಲೆಂಡಿಗೆ ಹೊರಟಾಗ ಲೆಬ್ರನ್ ಕೈಯಲ್ಲಿ ದುಡ್ಡಿರಲಿಲ್ಲ. ಊರಿನವರು ಚಂದಾ ಎತ್ತಿ, ಹೊರಟಿದ್ದ ಹಡಗಿನ ಹಿಂದೆ ದೋಣಿ ಓಡಿಸಿ ಅವರನ್ನು ಹತ್ತಿಸಿದರು. ಅದೇ ಪ್ರವಾಸದಲ್ಲಿ ಅವರು ಲಾರ್ಡ್ಸ್‌ನಲ್ಲಿ ಶತಕ ಹೊಡೆದು ಬಂದರು.

ಮಗ ಓದಿ ವಕೀಲರ ಕಚೇರಿಯಲ್ಲಿ ಗುಮಾಸ್ತನಾದ. ಕಪ್ಪು ಬಣ್ಣದ ಬಡ ಹುಡುಗನಿಗೆ ಅಲ್ಲಿಂದ ಮೇಲೆ ಹೋಗುವ ದಾರಿ ಕಾಣಲಿಲ್ಲ. ಆಮೇಲೆ ತೈಲ ಕಂಪೆನಿಯಲ್ಲಿ ಕೆಲಸ ಮಾಡಿದರು. ತನ್ನಲ್ಲಿರುವ ಆಟವೇ ತನ್ನನ್ನು ಹೊರಗೆ ಕರೆದೊಯ್ಯಬೇಕು ಎಂದು ನಿಶ್ಚಯಿಸಿಕೊಂಡು 1928ರಲ್ಲಿ ತಂಡದ ಜೊತೆ ಇಂಗ್ಲೆಂಡಿಗೆ ಹೋದರು.

ಆ ವರ್ಷ ಲಾರ್ಡ್ಸ್‌ನಲ್ಲಿ ಮಿಡಲ್‌ಸೆಕ್ಸ್ ವಿರುದ್ಧದ ಪಂದ್ಯ. ಗಾಯವಾಗಿದ್ದ ಕಾನ್‌ಸ್ಟಂಟೈನ್ ಸೋಲುವ ತಂಡಕ್ಕೆ ಮೊದಲು 86 ರನ್ ಕೊಟ್ಟರು, ಆಮೇಲೆ 57 ರನ್ನಿಗೆ 7 ವಿಕೆಟ್ ಕಿತ್ತರು, ಕೊನೆಗೆ ಒಂದೇ ಗಂಟೆಯಲ್ಲಿ 103 ಹೊಡೆದು ಗೆಲ್ಲಿಸಿಯೇ ಬಿಟ್ಟರು. ಪ್ರವಾಸ ಮುಗಿಯುವಾಗ ಅವರ ಲೆಕ್ಕ 1,381 ರನ್, 107 ವಿಕೆಟ್. ಫೀಲ್ಡಿಂಗ್ ನೋಡಲಿಕ್ಕೆಂದೇ ಜನ ಬರುತ್ತಿದ್ದರು.

ಲ್ಯಾಂಕಾಶೈರಿನ ನೆಲ್ಸನ್ ಕ್ಲಬ್ ಅವರನ್ನು ವೃತ್ತಿ ಆಟಗಾರರಾಗಿ ಕರೆಯಿತು. ನೆಲ್ಸನ್ ಹತ್ತಿ ಬಟ್ಟೆಯ ಮಿಲ್ಲುಗಳ ಪುಟ್ಟ ಊರು. ವಾರವಿಡೀ ಮಗ್ಗದ ಮುಂದೆ ನಿಂತ ಕಾರ್ಮಿಕರು ಶನಿವಾರ ಮಧ್ಯಾಹ್ನ ಮ್ಯಾಚಿಗೆ ಬರುತ್ತಿದ್ದರು. ಲೀಗಿನ ಪ್ರತಿ ತಂಡಕ್ಕೂ ಇಂಥ ಒಬ್ಬ ಸಂಬಳದ ಆಟಗಾರ, ಉಳಿದವರು ಊರಿನವರೇ. ಸಂಬಳದವನು ರನ್ ಹೊಡೆಯಬೇಕು, ವಿಕೆಟ್ ತೆಗೆಯಬೇಕು, ಹುಡುಗರಿಗೆ ಕಲಿಸಲೂ ಬೇಕು.

1929ರಲ್ಲಿ ಹೆಂಡತಿ ನೋರ್ಮಾ ಜೊತೆ ಅಲ್ಲಿ ಸಂಸಾರ ಹೂಡಿದರು. ಕಪ್ಪು ಜನರನ್ನೇ ಕಾಣದ ಊರು. ಮಕ್ಕಳು ಕಿಟಕಿಯಲ್ಲಿ ಇಣುಕುತ್ತಿದ್ದರು. ಚಳಿ ಬೇರೆ. ವಾಪಸ್ ಹೋಗಿಬಿಡುವ ಯೋಚನೆಯೂ ಬಂದಿತ್ತು. ಆದರೂ ನಿಂತರು. ಒಂಬತ್ತು ಸೀಸನ್‌ನಲ್ಲಿ ಏಳು ಸಲ ನೆಲ್ಸನ್ ಲೀಗ್ ಗೆದ್ದಿತು. ಇಣುಕುತ್ತಿದ್ದ ಊರೇ ಅವರನ್ನು ತನ್ನವರೆಂದು ಹೇಳಿಕೊಳ್ಳತೊಡಗಿತು. ಅವರು ಬಿಟ್ಟ ಜಾಗಕ್ಕೆ 1938ರಲ್ಲಿ ಬಂದವರು ನಮ್ಮ ಲಾಲಾ ಅಮರನಾಥ್.

ಟೆಸ್ಟ್ ಆಡಿದ್ದು 18 ಮಾತ್ರ. 635 ರನ್, 58 ವಿಕೆಟ್. 1930ರಲ್ಲಿ ಜಾರ್ಜ್‌ಟೌನಿನಲ್ಲಿ ವೆಸ್ಟ್ ಇಂಡೀಸ್ ಮೊದಲ ಟೆಸ್ಟ್ ಗೆದ್ದಾಗ 9 ವಿಕೆಟ್ ಇವರದ್ದೇ. ಆದರೆ ನಾಯಕತ್ವ ಸಿಗಲಿಲ್ಲ. ಆಗ ಅದು ಬಿಳಿಯರಿಗೇ ಮೀಸಲು ಎಂಬಂತಿತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಸರಕಾರದ ಕಾರ್ಮಿಕ ಇಲಾಖೆಯ ಅಧಿಕಾರಿ. ಕೆರಿಬಿಯನ್‌ನಿಂದ ಬಂದ ಕೆಲಸಗಾರರ ಊಟ, ವಸತಿ, ಜಗಳ ಎಲ್ಲ ನೋಡಿಕೊಳ್ಳಬೇಕಿತ್ತು. 1943ರ ಜುಲೈಯಲ್ಲಿ ಲಾರ್ಡ್ಸ್ ಪಂದ್ಯಕ್ಕಾಗಿ ಹೆಂಡತಿ ಮಗಳ ಜೊತೆ ಲಂಡನ್ನಿಗೆ ಬಂದರು. ಇಂಪೀರಿಯಲ್ ಹೋಟೆಲಿನಲ್ಲಿ ನಾಲ್ಕು ರಾತ್ರಿಗೆ ಕೋಣೆ ಮೊದಲೇ ಗೊತ್ತುಮಾಡಿದ್ದರು. ಬಂದ ಮೇಲೆ, ಬಿಳಿ ಅಮೆರಿಕನ್ ಅತಿಥಿಗಳಿಗೆ ಆಗುವುದಿಲ್ಲ, ಒಂದೇ ರಾತ್ರಿ ಇದ್ದು ಹೊರಡಿ ಎಂದರು.

ಅವರು ಜಗಳ ಆಡದೆ ಬೇರೆ ಹೋಟೆಲಿಗೆ ಹೋದರು. ಆಮೇಲೆ ಕೋರ್ಟಿಗೂ ಹೋದರು. ವರ್ಣಭೇದ ತಡೆಯುವ ಕಾನೂನು ಆಗ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ಪ್ರಯಾಣಿಕರಿಗೆ ಜಾಗ ಇಲ್ಲವೆನ್ನಲು ವಸತಿಗೃಹದವರಿಗೆ ಸರಿಯಾದ ಕಾರಣ ಬೇಕು ಎಂಬ ಹಳೇ ನಿಯಮವನ್ನೇ ಹಿಡಿದರು. 1944ರಲ್ಲಿ ಗೆದ್ದರು. ಸಿಕ್ಕಿದ ಪರಿಹಾರ ಬರೇ ಐದು ಗಿನಿ. ಆದರೆ ಮಗಳ ಎದುರಿಗೆ ಆದ ಅವಮಾನ ತಪ್ಪೆಂದು ನ್ಯಾಯಾಧೀಶರ ಬಾಯಿಯಿಂದ ದೇಶವೆಲ್ಲ ಕೇಳಿತು.

ಮರುವರ್ಷ ಲಾರ್ಡ್ಸ್‌ನಲ್ಲಿ ಡೊಮಿನಿಯನ್ಸ್ ತಂಡದ ಬಿಳಿ ಆಟಗಾರರು ತಾವಾಗಿ ಅವರನ್ನೇ ನಾಯಕರನ್ನಾಗಿ ಮಾಡಿಕೊಂಡರು. ಇಂಗ್ಲೆಂಡ್ ಸೋತಿತು.

ಗುಮಾಸ್ತನಾಗಿದ್ದಾಗಿನ ವಕೀಲಿಕೆಯ ಆಸೆಯನ್ನು ಅವರು ಬಿಟ್ಟಿರಲಿಲ್ಲ. ಐವತ್ತು ದಾಟಿದ ಮೇಲೆ, 1954ರಲ್ಲಿ ಬ್ಯಾರಿಸ್ಟರ್ ಆದರು. ಊರಿಗೆ ಮರಳಿ ಮಂತ್ರಿಯಾದರು, ಆಮೇಲೆ ಲಂಡನ್ನಿನಲ್ಲಿ ಟ್ರಿನಿಡಾಡಿನ ಹೈಕಮಿಷನರ್. 1963ರಲ್ಲಿ ಬ್ರಿಸ್ಟಲ್ ನಗರದ ಬಸ್ ಕಂಪೆನಿ ಕಪ್ಪು ಜನರನ್ನು ಸಿಬ್ಬಂದಿಯಾಗಿ ಸೇರಿಸುವುದಿಲ್ಲ ಎಂದಾಗ ಬಹಿರಂಗವಾಗಿ ಕೆಲಸಗಾರರ ಪರ ನಿಂತರು. ರಾಯಭಾರಿ ಹೀಗೆ ಮಾಡಿದ್ದು ಸ್ವಂತ ಸರಕಾರಕ್ಕೇ ಹಿಡಿಸಲಿಲ್ಲ. ಬಸ್ ಕಂಪೆನಿ ಮಣಿಯಿತು. ಮರುವರ್ಷ ಇವರು ಹುದ್ದೆಯಿಂದ ಇಳಿದರು.

ಹೋಟೆಲಿನಂಥ ಸಾರ್ವಜನಿಕ ಜಾಗಗಳಲ್ಲಿ ವರ್ಣಭೇದ ಮಾಡಬಾರದೆಂಬ ಕಾನೂನು ಬ್ರಿಟನ್ನಿಗೆ ಬಂದದ್ದು 1965ರಲ್ಲಿ, ಅವರ ಮೊಕದ್ದಮೆಯ 21 ವರ್ಷಗಳ ಬಳಿಕ. 1969ರಲ್ಲಿ ಅವರು ಹೌಸ್ ಆಫ್ ಲಾರ್ಡ್ಸ್ ಪ್ರವೇಶಿಸಿದ ಮೊದಲ ಕಪ್ಪು ಸದಸ್ಯರಾದರು. 1971ರ ಜುಲೈ 1ರಂದು ಲಂಡನ್ನಿನಲ್ಲಿ ತೀರಿಕೊಂಡರು. ದೇಹವನ್ನು ಟ್ರಿನಿಡಾಡಿಗೆ ಒಯ್ದು ಸರಕಾರಿ ಗೌರವದೊಂದಿಗೆ ಮಣ್ಣು ಮಾಡಿದರು.

ನಮ್ಮ ಮಕ್ಕಳೂ ದುಡಿಮೆಗೆಂದು ಪರವೂರಿಗೆ ಹೋಗುತ್ತಾರೆ. ಅಲ್ಲಿ ಅವಮಾನವಾದರೆ ನುಂಗಿಕೋ ಎಂದೇ ನಾವು ಫೋನಿನಲ್ಲಿ ಹೇಳುವುದು ಹೆಚ್ಚು. ಕೆಲವೊಮ್ಮೆ ಅದೂ ಅನಿವಾರ್ಯವೇ. ಆದರೆ ಆದದ್ದನ್ನು ನೆನಪಿಟ್ಟುಕೊಂಡು, ಕಾಗದಪತ್ರ ಜೋಪಾನ ಮಾಡಿ, ಕಾನೂನಿನ ಬಾಗಿಲು ತಟ್ಟುವ ದಾರಿಯೂ ಇದೆ ಎಂದು ಅವರಿಗೆ ಹೇಳಿಕೊಡೋಣ. ರಾತ್ರಿ ಊಟಕ್ಕೆ ಕೂತು ಮ್ಯಾಚ್ ನೋಡುವಾಗ ಈ ಕಥೆಯನ್ನೂ ಒಮ್ಮೆ ಹೇಳಿ ನೋಡಿ.