ಪರದೇಶದಲ್ಲಿ ದೊರೆತ ಸ್ನೇಹಭಾಗ್ಯ

ನಾವು ಬಯಸಿ ಪಡೆದ ಸ್ನೇಹಕ್ಕಿಂತ ಬಯಸದೆ ಬಂದ ಸ್ನೇಹವೇ ಹಲವೊಮ್ಮೆ ನಮ್ಮ ಬಾಳಿನ ದಾರಿಯನ್ನು ತಿದ್ದುತ್ತದೆ. ನಾನೂರು ವರ್ಷಗಳ ಹಿಂದೆ ಚೀನ ದೇಶದಲ್ಲಿ ಸೇವೆ ಸಲ್ಲಿಸಿದ ಯೇಸುಸಭೆಯ ಗುರು ಮತ್ತೆಯೊ ರಿಚ್ಚಿಯವರ ಜೀವನ ಇದಕ್ಕೆ ನಿದರ್ಶನವಾಗಿದೆ.

ರಿಚ್ಚಿಯವರು ಇಟಲಿಯ ಮಚೆರಾತ ಪಟ್ಟಣದಲ್ಲಿ 1552ರ ಅಕ್ಟೋಬರ್ 6ರಂದು ಜನಿಸಿದರು. 1571ರಲ್ಲಿ ಯೇಸುಸಭೆಯನ್ನು ಸೇರಿ, ರೋಮಿನಲ್ಲಿ ಖ್ಯಾತ ವಿದ್ವಾಂಸ ಕ್ಲಾವಿಯುಸ್ ಅವರಿಂದ ಗಣಿತವನ್ನು ಕಲಿತರು. 1578ರಲ್ಲಿ ನಮ್ಮ ನೆರೆಯ ಗೋವೆಗೆ ಬಂದಿಳಿದ ಅವರು 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದರು. 1582ರಲ್ಲಿ ಮಕಾವಿಗೆ ತೆರಳಿ, ಮರುವರ್ಷ ಚೀನದ ಒಳನಾಡನ್ನು ಪ್ರವೇಶಿಸಿದರು.

ಅಲ್ಲಿ ಪರದೇಶಿಯರನ್ನು ನಂಬುವವರು ವಿರಳ. ಆರು ವರ್ಷ ನೆಲೆಸಿದ್ದ ಝಾವೊಚಿಂಗ್ ನಗರದಿಂದ 1589ರಲ್ಲಿ ಅವರನ್ನು ಹೊರಹಾಕಲಾಯಿತು. ಮುಂದಿನ ಊರಾದ ಷಾವೊಝೌನಲ್ಲಿ ಚೂ ತಾಯ್‌ಸು ಎಂಬ ಉನ್ನತ ಮನೆತನದ ವ್ಯಕ್ತಿ ಅವರನ್ನು ಹುಡುಕಿಕೊಂಡು ಬಂದರು. ರಸವಿದ್ಯೆ ಕಲಿತು ಧನ ಸಂಪಾದಿಸುವ ಆಸೆ ಅವರದು. ಆದರೆ ರಿಚ್ಚಿಯವರ ಬಳಿ ಅವರು ಕಲಿತದ್ದು ಗಣಿತವನ್ನು. ಶಿಷ್ಯನಾಗಿ ಬಂದವರು ಮಿತ್ರರಾದರು. ಅದುವರೆಗೆ ಬೌದ್ಧ ಭಿಕ್ಷುವಿನ ಉಡುಪು ಧರಿಸುತ್ತಿದ್ದ ರಿಚ್ಚಿಯವರಿಗೆ, ವಿದ್ವಾಂಸರ ನಿಲುವಂಗಿ ತೊಟ್ಟರೆ ಸುಶಿಕ್ಷಿತರ ಮನೆಬಾಗಿಲು ತೆರೆಯುವುದೆಂದು ಹಿತವಚನ ಹೇಳಿದವರು ಅವರೇ. 1595ರಲ್ಲಿ ರಿಚ್ಚಿಯವರು ಉಡುಪನ್ನು ಬದಲಿಸಿದರು. ಅದೇ ವರ್ಷ ಅವರು ಚೀನೀ ಭಾಷೆಯಲ್ಲಿ ಬರೆದ ಗ್ರಂಥದ ವಿಷಯವೂ ಸ್ನೇಹವೇ.

1601ರ ಜನವರಿಯಲ್ಲಿ ಅವರು ಬೀಜಿಂಗ್ ತಲುಪಿ ಚಕ್ರವರ್ತಿ ವಾನ್‌ಲಿಗೆ ಎರಡು ಗಡಿಯಾರ, ಒಂದು ತಂತಿವಾದ್ಯ ಹಾಗೂ ಪವಿತ್ರ ಚಿತ್ರಗಳನ್ನು ಕಾಣಿಕೆಯಾಗಿ ಸಲ್ಲಿಸಿದರು. ಚಕ್ರವರ್ತಿ ಅವರಿಗೆ ಎಂದೂ ಮುಖದರ್ಶನ ನೀಡಲಿಲ್ಲ. ಆದರೆ ತಾನಾಗಿಯೇ ಹೊತ್ತು ಸಾರುವ ಗಡಿಯಾರ ಅವನ ಮನಗೆದ್ದಿತು. ರಾಜಧಾನಿಯಲ್ಲಿ ನೆಲೆಸಲು ಅನುಮತಿ ದೊರೆಯಿತು.

ಅಲ್ಲಿ ಅವರ ಸ್ನೇಹಸಂಪತ್ತು ಬೆಳೆಯಿತು. 1603ರಲ್ಲಿ ದೀಕ್ಷಾಸ್ನಾನ ಪಡೆದಿದ್ದ ವಿದ್ವಾಂಸ ಷು ಗುವಾಂಗ್‌ಚಿಯವರೊಡನೆ ಕುಳಿತು ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಚೀನೀ ಭಾಷೆಗೆ ತಂದರು. ಅದು 1607ರಲ್ಲಿ ಅಚ್ಚಾಯಿತು. ಮತ್ತೊಬ್ಬ ಮಿತ್ರ ಲಿ ಝಿಝಾವೊ 1610ರಲ್ಲಿ ಕಾಯಿಲೆಯಿಂದ ಮಲಗಿದಾಗ ರಿಚ್ಚಿಯವರೇ ಶುಶ್ರೂಷೆ ಮಾಡಿ ದೀಕ್ಷಾಸ್ನಾನ ನೀಡಿದರು. ಲಿ ಬದುಕಿ ಉಳಿದರು. ಅದೇ ವರ್ಷ ಮೇ 11ರಂದು ರಿಚ್ಚಿಯವರು ದೈವಾಧೀನರಾದರು.

ಅದುವರೆಗೆ ಚೀನದಲ್ಲಿ ತೀರಿಕೊಂಡ ಯೇಸುಸಭೆಯ ಗುರುಗಳ ಶರೀರಗಳನ್ನು ಮಕಾವಿಗೆ ಒಯ್ದು ಹೂಳಲಾಗುತ್ತಿತ್ತು. ಈ ಬಾರಿ ಸಹೋದರ ಗುರುಗಳು ಅರಸನಿಗೆ ಬಿನ್ನಹ ಸಲ್ಲಿಸಿದರು. ಲಿ ಝಿಝಾವೊ ಅವರಿಗೆ ನೆರವಾದರು. ಬೀಜಿಂಗಿನ ಪಶ್ಚಿಮ ದ್ವಾರದ ಹೊರಗೆ ಸಮಾಧಿಗಾಗಿ ಭೂಮಿ ದೊರೆಯಿತು. ನಿಲ್ಲಲು ನೆಲೆಯಿಲ್ಲದೆ ಬಂದಿದ್ದ ಪರದೇಶಿಗೆ ಆ ನಾಡು ಕೊಟ್ಟ ಕೊನೆಯ ಕಾಣಿಕೆ ಅದು. 2022ರಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸ್ ಅವರು ರಿಚ್ಚಿಯವರನ್ನು ಪೂಜ್ಯರೆಂದು ಸಾರಿದರು.

ಮದುವೆ, ಪ್ರಥಮ ಪರಮಪ್ರಸಾದ ಮುಂತಾದ ಸಮಾರಂಭಗಳಲ್ಲಿ ಬಂದ ಉಡುಗೊರೆಗಳನ್ನು ನಾವು ಲೆಕ್ಕ ಬರೆದಿಡುತ್ತೇವೆ. ಸಕಾಲದಲ್ಲಿ ಯಾರೋ ಹೇಳಿದ ಹಿತವಚನ, ರೋಗಶಯ್ಯೆಯ ಬಳಿ ಯಾರೋ ಕಳೆದ ರಾತ್ರಿ ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಅಂತಹ ಒಬ್ಬರ ಹೆಸರನ್ನಾದರೂ ನೆನೆದು ದೇವರಿಗೆ ಕೃತಜ್ಞತೆ ಸಲ್ಲಿಸೋಣ.